ಗಾಡಿ ಜಗ್ಗಾಕತ್ತೈತಿ: ಅಪ್ಪನ ಆಟದ ಪಿಸಿ ಸರಿ ಮಾಡಿದ ಕತೆ

ನಮ್ಮಪ್ಪ 31 ವರ್ಷ ಬಸ್ ಓಡಿಸಿದವರು. ಮೊದಲು ಕೆಎಸ್‌ಆರ್‌ಟಿಸಿಯಲ್ಲಿ, 1997ರಲ್ಲಿ ವಾಯವ್ಯ ಸಾರಿಗೆ ಬೇರೆಯಾದ ಮೇಲೆ ಅದರಲ್ಲಿ. ಬಹಳ ಕಾಲ ಅವರಿಗೆ ಸಿಕ್ಕಿದ್ದು ಹುಬ್ಬಳ್ಳಿ–ಕಾರವಾರ ರೂಟ್. ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುವ ಆ ದಾರಿಯ ಒಂದೊಂದು ತಿರುವೂ ಅವರಿಗೆ ಬಾಯಿಪಾಠ. ರಿಟೈರ್ ಆದ ಎರಡನೇ ವರ್ಷಕ್ಕೆ ಬೆನ್ನಿನ ತೊಂದರೆ ಶುರುವಾಯಿತು. ರಸ್ತೆಯ ಕುಲುಕಾಟ ಬೆನ್ನಿಗೆ ಆಗಲ್ಲ, ಇನ್ನು ಸ್ಟೇರಿಂಗ್ ಮುಟ್ಟಬೇಡಿ ಅಂತ ಡಾಕ್ಟರ್ ಹೇಳಿದರು. ಆಮೇಲೆ ಅಪ್ಪ ಸುಮ್ನೆ ಕಿಟಕಿ ಪಕ್ಕ ಕೂತು ಹೋಗುವ ಬರುವ ಬಸ್ಸು ನೋಡುತ್ತಿದ್ದರು. ನನಗೆ ಅದನ್ನು ನೋಡಲು ಆಗುತ್ತಿರಲಿಲ್ಲ.

ಹಾಗಾಗಿ ಒಂದು ಸೆಕೆಂಡ್ ಹ್ಯಾಂಡ್ ಪಿಸಿ ತಂದೆ. ಯಾವುದೋ ಆಫೀಸಿನಲ್ಲಿ ಇದ್ದದ್ದು. ಐ5-6500 ಪ್ರೊಸೆಸರ್, 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್. ಅದಕ್ಕೆ 4 ಜಿಬಿಯ ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್ ಹಾಕಿಸಿದೆ. ಪೆಡಲ್ ಇರುವ ಸ್ಟೇರಿಂಗ್ ವೀಲ್ ಒಂದನ್ನು ಗೆಳೆಯನಿಂದ ಕೊಂಡೆ. ಆಟ ಯೂರೋ ಟ್ರಕ್ ಸಿಮ್ಯುಲೇಟರ್ 2. ಚೆಕ್ ದೇಶದ ಎಸ್‌ಸಿಎಸ್ ಸಾಫ್ಟ್‌ವೇರ್ 2012ರಲ್ಲಿ ತಂದ ಈ ಆಟದಲ್ಲಿ ಗುಂಡು ಹೊಡೆಯೋದು, ರೇಸ್ ಗೆಲ್ಲೋದು ಏನೂ ಇಲ್ಲ. ಯುರೋಪಿನ ಊರುಗಳ ನಡುವೆ ಲಾರಿಯಲ್ಲಿ ಸರಕು ಸಾಗಿಸಬೇಕು, ಅಷ್ಟೇ. ಬ್ರಿಟನ್ನಿನಲ್ಲಿ ನಮ್ಮ ಹಾಗೆ ಎಡಗಡೆ ಓಡಿಸುತ್ತಾರೆ ಅಲ್ವಾ, ಅದಕ್ಕೆ ಲಂಡನ್ನಿನಿಂದಲೇ ಶುರು ಮಾಡಿಸಿದೆ. ಅಪ್ಪ ಕೂತವರೇ ಮೊದಲು ಎರಡೂ ಕಡೆಯ ಕನ್ನಡಿ ನೋಡಿದರು. ಆಮೇಲೆ ಗೇರ್ ಹಾಕಿದರು. ಅವತ್ತು ರಾತ್ರಿ ಊಟಕ್ಕೆ ಕೂತಾಗಲೂ ಆ ಲಾರಿಯ ಮಾತೇ ಆಡಿದರು.

ನಾಲ್ಕನೇ ದಿನ ಅರ್ಧಕ್ಕೇ ಎದ್ದರು.

"ಸಾಕಪಾ, ತಲಿ ತಿರಗಾಕತ್ತು. ಗಾಡಿ ಜಗ್ಗಾಕತ್ತೈತಿ ನೋಡ. ಡೀಸೆಲ್ ಪೈಪಿನ್ಯಾಗ ಏರ್ ಹಿಡದಾಗ ಹಿಂಗ ಆಗ್ತೈತಿ."

ನಾನೂ ಕೂತು ನೋಡಿದೆ. ನಿಜ. ರಸ್ತೆ ಚೆನ್ನಾಗಿ ಓಡುತ್ತಾ ಇದ್ದದ್ದು ಗಕ್ಕನೆ ನಿಲ್ಲುತ್ತಿತ್ತು, ಮರುಕ್ಷಣ ಮುಂದಕ್ಕೆ ಹಾರುತ್ತಿತ್ತು. ಇನ್ನೊಂದಷ್ಟು ಹೊತ್ತಿಗೆ ಇಡೀ ಚಿತ್ರವೇ ಒದ್ದಾಡುತ್ತಿತ್ತು. ಕೈ ಈಗ ತಿರುಗಿಸಿದರೆ ಕಣ್ಣಿಗೆ ಆಮೇಲೆ ಕಾಣುತ್ತದೆ. ಹಾಗಾದಾಗ ಯಾರಿಗಾದರೂ ತಲೆ ಸುತ್ತುತ್ತದೆ. 31 ವರ್ಷ ನಿಜವಾದ ಸ್ಟೇರಿಂಗ್ ಹಿಡಿದ ಕೈಗೆ ಅದು ಇನ್ನೂ ಜಾಸ್ತಿ.

ಅವತ್ತು ರಾತ್ರಿ ನಾನು ಮಾಡಿದ್ದು ದೊಡ್ಡ ತಪ್ಪು. ಸಿಕ್ಕ ಸಲಹೆಯನ್ನೆಲ್ಲ ಒಂದೇ ಏಟಿಗೆ ಮಾಡಿದೆ. ಗ್ರಾಫಿಕ್ಸ್ ಡ್ರೈವರ್, ಅಂದರೆ ಆ ಕಾರ್ಡನ್ನು ನಡೆಸುವ ಸಾಫ್ಟ್‌ವೇರ್, ಪೂರ್ತಿ ತೆಗೆದು ಹೊಸದು ಹಾಕಿದೆ. ವಿಂಡೋಸಿನ ಪವರ್ ಪ್ಲ್ಯಾನ್ ಹೈ ಪರ್ಫಾರ್ಮೆನ್ಸ್‌ಗೆ ಬದಲಿಸಿದೆ. ಆಟದ ಎಲ್ಲ ಗ್ರಾಫಿಕ್ಸ್ ಕೆಳಗಿಳಿಸಿದೆ. ಕಾನ್ಫಿಗ್ ಫೈಲಿನಲ್ಲಿ ಬಫರ್ ಪೇಜ್ ಸೈಜ್ ಅನ್ನುವ ಸಂಖ್ಯೆಯನ್ನು 10 ಇದ್ದದ್ದು 30 ಮಾಡಿದೆ. ಆಂಟಿವೈರಸ್‌ಗೆ ಆಟದ ಫೋಲ್ಡರ್ ಬಿಟ್ಟುಬಿಡು ಅಂದೆ. ರೀಸ್ಟಾರ್ಟ್ ಮಾಡಿ ಓಡಿಸಿದರೆ, ಬೆಣ್ಣೆಯ ಹಾಗೆ ಓಡಿತು! ಖುಷಿಯಿಂದ ಮಲಗಿದೆ. ಎರಡು ದಿನ ಬಿಟ್ಟು ಮಧ್ಯಾಹ್ನ ಅಪ್ಪ ಕೂತರು. ಮತ್ತೆ ಅದೇ ಜಗ್ಗಾಟ.

ಸರಿ ಮಾಡಿದ ರಾತ್ರಿ ಹುಬ್ಬಳ್ಳಿಯಲ್ಲಿ ಜೋರು ಅಡ್ಡಮಳೆ ಬಂದಿತ್ತು. ಮೇ ತಿಂಗಳ ಧಗೆಯೆಲ್ಲ ಇಳಿದು ರೂಮು ತಣ್ಣಗಾಗಿತ್ತು. ಅದಕ್ಕೂ ಇದಕ್ಕೂ ಸಂಬಂಧ ಇದೆ ಅಂತ ನನಗೆ ಹೊಳೆಯಲು ಇನ್ನೂ ಎರಡು ವಾರ ಬೇಕಾಯಿತು.

"ಏನೇನ್ ಬದ್ಲಿ ಮಾಡಿದಿ?" ಅಂತ ಅಪ್ಪ ಕೇಳಿದರು. ಹೇಳಿದೆ.

"ಐದೂ ಒಮ್ಮೆಲೆ ಬಿಚ್ಚಿದ್ರ ಯಾವುದರಿಂದ ಸುದ್ದ ಆತು ಅಂತ ಗೊತ್ತಾಗೂದು ಹೆಂಗ? ಡಿಪೋದಾಗ ನಾವು ಗಾಡಿ ತಕರಾರು ಬರದು ಕೊಡ್ತಿದ್ವಿ. ಎಲ್ಲಿ ಜಗ್ತು, ಏರಿನ್ಯಾಗೋ ಸಪಾಟಿನ್ಯಾಗೋ, ಹೊಂಟು ಎಷ್ಟೊತ್ತಿಗೆ. ಅದನ್ನ ಓದಿ ಮೆಕ್ಯಾನಿಕ್ ಬಾನೆಟ್ ತಗೀತಿದ್ದ."

ಒಳಗೆ ಹೋಗಿ ಹಳೆಯದೊಂದು ಡೈರಿ ತಂದು ಕೊಟ್ಟರು. ನಾನು ಮಾಡಿದ್ದನ್ನೆಲ್ಲ ಮೊದಲಿನ ಹಾಗೆ ವಾಪಸ್ ಇಟ್ಟೆ. ಹೊಸ ಡ್ರೈವರ್ ಒಂದನ್ನು ಮಾತ್ರ ಬಿಟ್ಟೆ. ಲಂಡನ್ನಿನ ಹೊರಗೆ ಒಂದು ಕಡೆ ಆಟವನ್ನು ಸೇವ್ ಮಾಡಿದೆ. ಮಳೆ ಬರದ ಹಾಗೆ ಸೆಟ್ಟಿಂಗ್ ಇಟ್ಟೆ. ಪ್ರತಿ ಸಲ ಅದೇ ಜಾಗದಿಂದ, ಬರ್ಮಿಂಗ್‌ಹ್ಯಾಮ್ ಕಡೆಗೆ, ಅದೇ ಲಾರಿಯಲ್ಲಿ 10 ನಿಮಿಷ. ಅಪ್ಪ ಓಡಿಸೋದು, ನಾನು ಬರೆಯೋದು.

ಮೊದಲ ದಿನವೇ ಒಂದು ವಿಚಿತ್ರ ಕಂಡಿತು. ಪರದೆಯ ಮೂಲೆಯ ಎಫ್‌ಪಿಎಸ್ ಸಂಖ್ಯೆ 55, 58, 60 ಅಂತ ತೋರಿಸುತ್ತಿತ್ತು. ಅಂದರೆ ಸೆಕೆಂಡಿಗೆ 60 ಚಿತ್ರ ಬರುತ್ತಿವೆ. ನಮ್ಮ ಮಾನಿಟರ್ ತೋರಿಸೋದೂ 60ನ್ನೇ. ಲೆಕ್ಕದ ಪ್ರಕಾರ ಯಾವ ತೊಂದರೆಯೂ ಇರಬಾರದು. ಆದರೆ ಜಗ್ಗಾಟ ಕಣ್ಣೆದುರಿಗೇ ಇದೆ.

ಎಂಎಸ್‌ಐ ಆಫ್ಟರ್‌ಬರ್ನರ್ ಅನ್ನುವ ಸಾಫ್ಟ್‌ವೇರ್ ಹಾಕಿ ಫ್ರೇಮ್ ಟೈಮ್ ಗ್ರಾಫ್ ಆನ್ ಮಾಡಿದ ಮೇಲೆ ವಿಷಯ ಅರ್ಥವಾಯಿತು. ಸೆಕೆಂಡಿಗೆ 60 ಚಿತ್ರ ಅಂದರೆ ಒಂದೊಂದು ಚಿತ್ರಕ್ಕೂ 16.7 ಮಿಲಿಸೆಕೆಂಡ್ ಸಿಗುತ್ತದೆ. ಎಲ್ಲ ಚಿತ್ರಗಳೂ ಅಷ್ಟೇ ಹೊತ್ತಿಗೆ ಬಂದರೆ ಗ್ರಾಫು ನೇರ ಗೆರೆ. ನಮ್ಮದರಲ್ಲಿ ಗೆರೆ ನೇರವಾಗಿ ಹೋಗುತ್ತಾ ಇದ್ದದ್ದು ಇದ್ದಕ್ಕಿದ್ದಂತೆ ಮುಳ್ಳಿನ ಹಾಗೆ 150ಕ್ಕೆ ಏರಿ ಇಳಿಯುತ್ತಿತ್ತು. ಒಂದು ಸೆಕೆಂಡಿನಲ್ಲಿ ಒಂದೇ ಒಂದು ಚಿತ್ರ 150 ಮಿಲಿಸೆಕೆಂಡ್ ತಿಂದರೂ ಉಳಿದ 850ರಲ್ಲಿ 51 ಚಿತ್ರ ಬಂದುಬಿಡುತ್ತವೆ. ಒಟ್ಟು 52. ಮೂಲೆಯ ಸಂಖ್ಯೆ 52 ಅನ್ನುತ್ತದೆ, ನಾವು ಪರವಾಗಿಲ್ಲ ಅಂದುಕೊಳ್ಳುತ್ತೇವೆ. ಅಪ್ಪನಿಗೆ ಹೀಗೆ ಹೇಳಿದೆ: ಹುಬ್ಬಳ್ಳಿ ಬಿಟ್ಟ ಬಸ್ಸು ಸರಿಯಾದ ಟೈಮಿಗೆ ಕಾರವಾರ ಮುಟ್ಟಿತು ಅಂತ ಕಂಟ್ರೋಲರ್ ಬರೆದುಕೊಂಡರೆ, ಘಟ್ಟದಲ್ಲಿ ಹತ್ತು ಸಲ ಬ್ರೇಕ್ ಒತ್ತಿದ್ದು ಆ ಕಾಗದದಲ್ಲಿ ಕಾಣಲ್ಲ. ಒಳಗೆ ಕೂತ ಪ್ಯಾಸೆಂಜರಿಗೆ ಮಾತ್ರ ಗೊತ್ತು. ಅಪ್ಪ ತಲೆ ಆಡಿಸಿದರು. ಅವತ್ತಿಂದ ನಾನು ಎಫ್‌ಪಿಎಸ್ ನೋಡುವುದನ್ನೇ ಬಿಟ್ಟೆ. 50 ಮಿಲಿಸೆಕೆಂಡ್ ದಾಟಿದ ಮುಳ್ಳು ಎಷ್ಟು ಅಂತ ಎಣಿಸಿ ಡೈರಿಯಲ್ಲಿ ಬರೆದೆ. ಮೊದಲ ಓಟದಲ್ಲಿ 43.

ಗ್ರಾಫಿಕ್ಸ್ ಎಲ್ಲ ಕಡಿಮೆ ಮಾಡಿ ಇನ್ನೊಂದು ಸಲ ಓಡಿಸಿದೆವು. 41. ಎರಡು ಕಡಿಮೆ ಆಗೋದು ಲೆಕ್ಕಕ್ಕೇ ಇಲ್ಲ. ಕಾರ್ಡಿನ ಬಳಕೆ ನೋಡಿದರೆ ಅರ್ಧವೂ ಇಲ್ಲ. ಇದು ಬಹಳ ಮುಖ್ಯವಾದ ಸುಳಿವು. ಚಿತ್ರ ಕೆಡಿಸಿದರೂ ಜಗ್ಗಾಟ ಕಡಿಮೆ ಆಗದಿದ್ದರೆ ತಪ್ಪು ಗ್ರಾಫಿಕ್ಸ್ ಕಾರ್ಡಿನದಲ್ಲ. ನಾನು ಆಗಲೇ ಮನಸ್ಸಿನಲ್ಲಿ ಹೊಸ ಕಾರ್ಡಿನ ರೇಟು ಹುಡುಕುತ್ತಿದ್ದೆ. ಕೊಂಡಿದ್ದರೆ ಅಷ್ಟೂ ದುಡ್ಡು ನೀರುಪಾಲಾಗುತ್ತಿತ್ತು. ಗ್ರಾಫಿಕ್ಸ್ ಮತ್ತೆ ಮೊದಲಿನ ಮಟ್ಟಕ್ಕೇ ಏರಿಸಿದೆ.

ಮುಂದಿನ ಸುಳಿವು ಕೊಟ್ಟದ್ದು ಅಪ್ಪನ ಕಿವಿ. ಮೂರನೇ ಓಟದಲ್ಲಿ ಓಡಿಸುತ್ತಲೇ ಅಂದರು:

"ಆ ಡಬ್ಬಿ ಒಳಗ ಏನೋ ಕರ್ ಕರ್ ಅಂತೈತಿ ಕೇಳಿದೇನು? ಅದು ಅಂದಾಗೊಮ್ಮೆ ಗಾಡಿ ಜಗ್ತೈತಿ."

ಆಟದ ಸೌಂಡ್ ಪೂರ್ತಿ ಕಡಿಮೆ ಮಾಡಿ ಕ್ಯಾಬಿನೆಟ್ ಪಕ್ಕ ಕಿವಿ ಇಟ್ಟೆ. ಹೌದು. ಪ್ರತಿ ಮುಳ್ಳಿಗೂ ಮುಂಚೆ ಹಾರ್ಡ್ ಡಿಸ್ಕ್ ಸದ್ದು ಮಾಡುತ್ತಿತ್ತು. ಹಾರ್ಡ್ ಡಿಸ್ಕಿನ ಒಳಗೆ ತಟ್ಟೆ ತಿರುಗುತ್ತದೆ, ಅದರ ಮೇಲೆ ಒಂದು ಸಣ್ಣ ತೋಳು ಆಚೆ ಈಚೆ ಓಡಾಡುತ್ತದೆ. ಚದುರಿದ ಚೂರುಪಾರು ಫೈಲ್ ಓದಲು ಆ ತೋಳು ಬಹಳ ಓಡಾಡಬೇಕು. ಅದರ ಸದ್ದೇ ಅದು. ಟಾಸ್ಕ್ ಮ್ಯಾನೇಜರ್ ತೆರೆದರೆ ಆ ಹೊತ್ತಿಗೆ ಡಿಸ್ಕ್ 100 ಪರ್ಸೆಂಟ್. ಅದಕ್ಕಿಂತ ದೊಡ್ಡ ವಿಷಯ ಅದರ ಮೇಲೆಯೇ ಇತ್ತು: ರ‍್ಯಾಮ್ 8 ಜಿಬಿಯಲ್ಲಿ 7.6 ತುಂಬಿತ್ತು. ರ‍್ಯಾಮ್ ತುಂಬಿದಾಗ ವಿಂಡೋಸ್ ಅದರಲ್ಲಿ ಇದ್ದದ್ದನ್ನು ಸ್ವಲ್ಪ ಸ್ವಲ್ಪ ಡಿಸ್ಕಿಗೆ ಇಳಿಸುತ್ತದೆ, ಬೇಕಾದಾಗ ವಾಪಸ್ ತರುತ್ತದೆ. ಆಟಕ್ಕೆ ಮುಂದಿನ ಊರಿನ ಚಿತ್ರಗಳು ಬೇಕು, ವಿಂಡೋಸಿಗೆ ತನ್ನ ಸಾಮಾನು ಬೇಕು, ಎರಡೂ ಅದೇ ಡಿಸ್ಕಿನ ಮುಂದೆ ಸಾಲು ನಿಲ್ಲುತ್ತವೆ. ಅಷ್ಟು ಹೊತ್ತು ಲಾರಿ ನಿಂತಲ್ಲೇ ನಿಲ್ಲುತ್ತದೆ. ಬೈಲಿನ ರಸ್ತೆಯಲ್ಲಿ ಕಡಿಮೆ, ಊರೊಳಗೆ ಹೊಕ್ಕಾಗ ಜಾಸ್ತಿ ಅಂತ ಡೈರಿಯಲ್ಲಿ ಬರೆದದ್ದೂ ಇದಕ್ಕೆ ಸರಿಹೊಂದಿತು.

ಟಾಸ್ಕ್ ಮ್ಯಾನೇಜರಿನ ರ‍್ಯಾಮ್ ಪುಟದಲ್ಲಿ ಸ್ಲಾಟ್‌ಗಳು ಎರಡು, ಬಳಸಿದ್ದು ಒಂದು ಅಂತಲೂ ಇತ್ತು. ರ‍್ಯಾಮ್ ಒಂದೇ ಕಡ್ಡಿ ಇದ್ದರೆ ಪ್ರೊಸೆಸರಿಗೆ ಒಂದೇ ದಾರಿ. ಈ ಮಶೀನಿನ 2133 ವೇಗದ ಡಿಡಿಆರ್4ಗೆ ಅದು ಸೆಕೆಂಡಿಗೆ 17 ಜಿಬಿ. ಎರಡು ಕಡ್ಡಿ ಹಾಕಿದರೆ ದಾರಿಯೂ ಎರಡು, 34 ಜಿಬಿ. ಕೊಪ್ಪಿಕರ್ ರಸ್ತೆಗೆ ಹೋಗಿ ಅದೇ ವೇಗದ 8 ಜಿಬಿ ಕಡ್ಡಿ ಹುಡುಕಿ ತಂದೆ. ಕರೆಂಟ್ ವೈರ್ ಕಿತ್ತು, ಪವರ್ ಬಟನ್ ಒತ್ತಿ ಹಿಡಿದು ಒಳಗಿನ ಚಾರ್ಜ್ ಇಳಿಸಿ, ಕ್ಯಾಬಿನೆಟ್ಟಿನ ಕಬ್ಬಿಣ ಮುಟ್ಟಿ ಆಮೇಲೆ ಕೂರಿಸಿದೆ. ಎರಡೂ ತುದಿಯ ಕ್ಲಿಪ್ಪು ಟಕ್ ಅನ್ನುವವರೆಗೆ ಒತ್ತಬೇಕು.

43 ಇದ್ದದ್ದು 14ಕ್ಕೆ ಇಳಿಯಿತು.

ಮುಂದಿನ ಸಂಬಳಕ್ಕೆ, ಒಳಗೆ ತಟ್ಟೆ ತೋಳು ಯಾವುದೂ ಇಲ್ಲದ ಸಾಟಾ ಎಸ್‌ಎಸ್‌ಡಿ ತಂದು ಆಟವನ್ನು ಅದಕ್ಕೆ ಸಾಗಿಸಿದೆ. 14 ಇದ್ದದ್ದು 3 ಆಯಿತು. ಕರ್ ಕರ್ ಸದ್ದೂ ನಿಂತಿತು. ಎರಡನ್ನೂ ಒಟ್ಟಿಗೆ ತಂದಿದ್ದರೆ ಯಾವುದರ ಪಾಲು ಎಷ್ಟು ಅಂತ ನನಗೆ ಗೊತ್ತಾಗುತ್ತಿರಲಿಲ್ಲ. ದುಡ್ಡು ಒಂದಕ್ಕೇ ಇದ್ದರೆ ನಮ್ಮಂಥ 8 ಜಿಬಿ ಮಶೀನಿಗೆ ಮೊದಲು ರ‍್ಯಾಮ್ ಹಾಕಿ ಅಂತ ಈಗ ಧೈರ್ಯವಾಗಿ ಹೇಳಬಲ್ಲೆ.

ಇಷ್ಟಾದರೂ ಅಪ್ಪನಿಗೆ ಸಮಾಧಾನ ಇರಲಿಲ್ಲ. "ಹತ್ತ ನಿಮಿಷ ಚಲೋ ಇರ್ತೈತಿ. ಅರ್ಧ ತಾಸಿಗೆ ಗಾಡಿ ದಣೀತೈತಿ" ಅಂದರು.

ದಣಿಯುತ್ತದೆ! ಆ ಒಂದು ಮಾತಿನಿಂದ ನಾನು ಡೈರಿಯ ಹಿಂದಿನ ಪುಟಗಳನ್ನು ಮತ್ತೆ ಓದಿದೆ. ನಾನು ಇಷ್ಟು ದಿನ ಒಂದೇ ರೋಗ ಅಂದುಕೊಂಡದ್ದು ಎರಡು ರೋಗ. ಒಂದು, ಇದ್ದಕ್ಕಿದ್ದಂತೆ ಗಕ್ ಅಂತ ನಿಂತು ಹಾರುವುದು. ಅದು ಡಿಸ್ಕು, ರ‍್ಯಾಮಿನದು. ಇನ್ನೊಂದು, 25 ನಿಮಿಷ ಆದ ಮೇಲೆ ಎಲ್ಲವೂ ನಿಧಾನವಾಗಿ ಒದ್ದಾಡುವುದು. ಅದರಲ್ಲಿ ಮುಳ್ಳು ಇಲ್ಲ, ಇಡೀ ಗೆರೆಯೇ 16ರಿಂದ 35, 40ಕ್ಕೆ ಏರಿ ಅಲ್ಲೇ ಕೂರುತ್ತದೆ. ನನ್ನ ಪರೀಕ್ಷೆ 10 ನಿಮಿಷಕ್ಕೇ ಮುಗಿಯುತ್ತಿತ್ತು. ಹಾಗಾಗಿ ಎರಡನೆಯದು ಅದರಲ್ಲಿ ಸಿಕ್ಕಿಬೀಳಲೇ ಇಲ್ಲ. ಮಳೆ ಬಂದ ರಾತ್ರಿ ಚೆನ್ನಾಗಿ ಓಡಿದ್ದು, ಮಧ್ಯಾಹ್ನ ಕೆಟ್ಟದ್ದು, ಎಲ್ಲವೂ ಆಗ ತಿಳಿಯಿತು. ಬಿಸಿ.

ಬಿಸಿಯನ್ನು ನಾನು ನೋಡಿರಲಿಲ್ಲ ಅಂತಲ್ಲ. ಟಾಸ್ಕ್ ಮ್ಯಾನೇಜರಿನಲ್ಲಿ 62 ಡಿಗ್ರಿ ಅಂತ ಕಂಡಿತ್ತು, ಸರಿ ಇದೆ ಅಂದುಕೊಂಡಿದ್ದೆ. ಅದು ಗ್ರಾಫಿಕ್ಸ್ ಕಾರ್ಡಿನ ಬಿಸಿ. ಪ್ರೊಸೆಸರಿನ ಬಿಸಿಯನ್ನು ಟಾಸ್ಕ್ ಮ್ಯಾನೇಜರ್ ತೋರಿಸುವುದೇ ಇಲ್ಲ. ಎಚ್‌ಡಬ್ಲ್ಯೂಇನ್ಫೋ ಅನ್ನುವ ಸಣ್ಣ ಸಾಫ್ಟ್‌ವೇರ್ ಹಾಕಿ ಅರ್ಧ ತಾಸು ಓಡಿಸಿದೆವು. 20ನೇ ನಿಮಿಷಕ್ಕೆ ಪ್ರೊಸೆಸರ್ 100 ಡಿಗ್ರಿ. ಥರ್ಮಲ್ ಥ್ರಾಟ್ಲಿಂಗ್ ಅನ್ನುವ ಸಾಲಿನಲ್ಲಿ ಕೆಂಪಗೆ ಯೆಸ್ ಅಂತ ಬಂತು. 3.3 ಗಿಗಾಹರ್ಟ್ಸ್‌ನಲ್ಲಿ ಓಡುತ್ತಿದ್ದ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು 1.5ಕ್ಕೆ ಇಳಿದಿತ್ತು. ಸುಡಬಾರದು ಅಂತ ಅದು ತಾನೇ ವೇಗ ಕಡಿಮೆ ಮಾಡಿಕೊಳ್ಳುತ್ತದೆ. ಅದು ಮಾಡಿದ್ದು ಸರಿಯೇ.

ಭಾನುವಾರ ಬೆಳಿಗ್ಗೆ ಪಡಸಾಲೆಯಲ್ಲಿ ಪೇಪರ್ ಹಾಸಿ ಕ್ಯಾಬಿನೆಟ್ ಮಲಗಿಸಿದೆವು. ಅಪ್ಪ ಟಾರ್ಚ್ ಹಿಡಿದು ಕುರ್ಚಿಯಲ್ಲಿ ಕೂತರು. ಪ್ರೊಸೆಸರಿನ ಫ್ಯಾನ್ ಕೆಳಗಿನ ಅಲ್ಯೂಮಿನಿಯಂ ರೆಕ್ಕೆಗಳ ಸಂದಿಯಲ್ಲಿ ಧೂಳು ಹತ್ತಿಯ ಹಾಸಿಗೆಯಾಗಿತ್ತು. ಬ್ಲೋವರ್ ಹಿಡಿಯುವಾಗ ಫ್ಯಾನ್ ತಿರುಗದ ಹಾಗೆ ಬೆರಳಲ್ಲಿ ತಡೆದೆ. ಗಾಳಿಗೆ ಅದು ಮಿತಿಮೀರಿ ತಿರುಗಿದರೆ ಕೆಡಬಹುದು. ಧೂಳು ಹೋದ ಮೇಲೆ ಅಪ್ಪ ಟಾರ್ಚ್ ಬಾಗಿಸಿ, "ಈ ಮೂಲಿ ಯಾಕ ಎದ್ದೈತಿ?" ಅಂದರು.

ಆ ಕೂಲರನ್ನು ಬೋರ್ಡಿಗೆ ಹಿಡಿದಿಡಲು ನಾಲ್ಕು ಮೂಲೆಗೆ ನಾಲ್ಕು ಪ್ಲಾಸ್ಟಿಕ್ ಪಿನ್ ಇರುತ್ತವೆ. ಒಂದೊಂದನ್ನೂ ಒತ್ತಿದರೆ ಬೋರ್ಡಿನ ತೂತಿನಲ್ಲಿ ಇಳಿದು ಟಕ್ ಅಂತ ಕೂರಬೇಕು. ಮೂರು ಕೂತಿದ್ದವು. ಒಂದು ಇಳಿದೇ ಇರಲಿಲ್ಲ. ಆ ಮೂಲೆಯಲ್ಲಿ ಕೂಲರ್ ಎದ್ದಿದ್ದರಿಂದ ಪ್ರೊಸೆಸರಿಗೂ ಅದಕ್ಕೂ ನಡುವೆ ಕೂದಲೆಳೆಯಷ್ಟು ಸಂದಿ. ಬಿಸಿ ದಾಟಲು ದಾರಿಯೇ ಇಲ್ಲ. ಮೊದಲಿಂದಲೂ ಹಾಗೇ ಇತ್ತೋ, ಸಾಗಿಸುವಾಗ ಎದ್ದಿತೋ, ಹೇಳಲು ಬರುವುದಿಲ್ಲ. ಆಫೀಸಿನಲ್ಲಿ ಟೈಪಿಂಗ್ ಕೆಲಸಕ್ಕೆ ಅದು ಸಾಕಾಗಿರಬೇಕು. ಆಟದ ಭಾರ ಬಿದ್ದಾಗ ಬಯಲಾಯಿತು.

ಕೂಲರ್ ಪೂರ್ತಿ ತೆಗೆದೆ. ಪ್ರೊಸೆಸರಿನ ಬಿಸಿಯನ್ನು ಕೂಲರಿಗೆ ದಾಟಿಸುವ ಹಳೆ ಪೇಸ್ಟ್ ಒಣಗಿ ಸುಣ್ಣದ ಚಕ್ಕೆಯಾಗಿತ್ತು. ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಬಟ್ಟೆ ಅದ್ದಿ ಒರೆಸಿ, ನಡುವೆ ಬಟಾಣಿ ಕಾಳಿನಷ್ಟು ಹೊಸ ಥರ್ಮಲ್ ಪೇಸ್ಟ್ ಹಾಕಿದೆ. ಪಿನ್ ಕೂರಿಸುವಾಗ ಅಪ್ಪ ತಡೆದರು. "ಗಾಲಿ ನಟ್ ಟೈಟ್ ಮಾಡ್ದಂಗ ಮಾಡ. ಒಂದು ಈ ಕಡೆ, ಒಂದು ಅದರ ಎದುರಿಂದು." ಮೂಲೆಗೆ ಎದುರು ಮೂಲೆ, ಹಾಗೇ ಒತ್ತಿದೆ. ನಾಲ್ಕು ಸಲ ಟಕ್. ಹಿಂದಿನಿಂದಲೂ ನೋಡಿ ನಾಲ್ಕೂ ಪಿನ್ನಿನ ಮೂತಿ ಹೊರಗೆ ಬಂದಿದೆ ಅಂತ ಖಚಿತ ಮಾಡಿಕೊಂಡೆವು.

ಅವತ್ತು ಮಧ್ಯಾಹ್ನವೇ, ಬೇಕಂತಲೇ ಬಿಸಿಲಿನ ಹೊತ್ತಿನಲ್ಲಿ ಓಡಿಸಿದೆವು. ಒಂದು ತಾಸು ಆದರೂ 70 ದಾಟಲಿಲ್ಲ. ವೇಗ 3.3ರಲ್ಲೇ ನಿಂತಿತು. ಗೆರೆ ನೇರ.

ಉಳಿದ ಆ ಮೂರು ಮುಳ್ಳಿನ ಕತೆ ಚಿಕ್ಕದು. ಆಟ ತನ್ನ ಫೋಲ್ಡರಿನಲ್ಲಿ ಗೇಮ್ ಲಾಗ್ ಅನ್ನುವ ಟೆಕ್ಸ್ಟ್ ಫೈಲ್ ಬರೆಯುತ್ತದೆ. ತೆರೆದು ನೋಡಿದರೆ ಎರರ್ ಅನ್ನುವ ಒಂದೇ ಥರದ ಸಾಲು ಸಾವಿರಾರು ಇದ್ದವು. ಅಪ್ಪನಿಗೆ ಊರಿನ ನೆನಪಾಗಲಿ ಅಂತ ರಸ್ತೆಯಲ್ಲಿ ನಮ್ಮ ಆಟೋ, ಬಸ್ಸು ಓಡಾಡುವ ಒಂದು ಮಾಡ್ (ಆಟಕ್ಕೆ ಬೇರೆಯವರು ಮಾಡಿದ ಸೇರ್ಪಡೆ) ಹಾಕಿದ್ದೆ. ಅದು ಆಟದ ಹಳೇ ವರ್ಷನ್ನಿಗೆ ಮಾಡಿದ್ದು. ತೆಗೆಯಲಾ ಅಂತ ಹಿಂಜರಿಯುತ್ತಲೇ ಕೇಳಿದೆ. "ಲಂಡನ್ನಿನ್ಯಾಗ ಆಟೋ ಯಾಕ ಬೇಕು? ಅವರ ಊರು ಅವರಂಗ ಇರ್ಲಿ" ಅಂದರು. ತೆಗೆದೆ. ಸೊನ್ನೆ.

ಒಂದು ವಿಷಯಕ್ಕೆ ಮಾತ್ರ ಅಪ್ಪ ಒಪ್ಪಲಿಲ್ಲ. ಈ ಆಟದಲ್ಲಿ ಕನ್ನಡಿಗಳು ಭಾರ. ಪ್ರತಿ ಕನ್ನಡಿಗೂ ಹಿಂದಿನ ರಸ್ತೆಯನ್ನು ಇನ್ನೊಮ್ಮೆ ಬರೆಯಬೇಕಾಗುತ್ತದೆ. ಅದಕ್ಕೆ ಆಟ ನಿಧಾನ ಇದ್ದವರಿಗೆ ಕನ್ನಡಿಯ ಗುಣಮಟ್ಟ ಇಳಿಸಿ ಅನ್ನುವ ಸಲಹೆ ಸಾಮಾನ್ಯ. "ಕನ್ನಡಿ ಮಸಕ ಇದ್ರ ಗಾಡಿ ಹೊಡಿಯೂದು ಹೆಂಗ? ಬೇಕಾದ್ರ ನೆರಳು ತಗಿ" ಅಂದರು. ಅವರು ಹೇಳಿದ್ದೇ ಸರಿ ಅನ್ನಿಸಿತು. ನೆರಳನ್ನು ಒಂದು ಮೆಟ್ಟಿಲು ಇಳಿಸಿ ಕನ್ನಡಿ ಹೈನಲ್ಲೇ ಬಿಟ್ಟೆ.

ಈಗ ಅವರಿಗೆ ಬಲಗಡೆ ಓಡಿಸುವುದೂ ರೂಢಿಯಾಗಿದೆ. ಹೋದ ವಾರ ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಿಂದ ಇಟಲಿಯ ವೆರೋನಾಗೆ ಲೋಡ್ ಹಿಡಿದರು. ಬೆಟ್ಟದ ದಾರಿ. ಇಳಿಜಾರು ಬರುವ ಮುಂಚೆಯೇ ಗೇರ್ ಕೆಳಗಿಳಿಸಿ, ಬ್ರೇಕ್ ಪೆಡಲ್ ಹೆಚ್ಚು ಮುಟ್ಟದೆ ಇಂಜಿನ್ ಬ್ರೇಕಿನಲ್ಲೇ ಇಳಿಸಿದರು. ಅರಬೈಲ್‌ನಲ್ಲಿ ಪಕ್ಕದ ಸೀಟಿನಲ್ಲಿ ಕೂತು ಚಿಕ್ಕವನಿದ್ದಾಗ ನಾನು ಕೇಳಿದ ಅದೇ ಸದ್ದು. ತಲೆ ಸುತ್ತು ಅನ್ನಲಿಲ್ಲ. ನಾನು ಗ್ರಾಫ್ ನೋಡುವುದನ್ನು ಮರೆತು ಅವರ ಕೈ ನೋಡುತ್ತಾ ಕೂತೆ.

ರಾತ್ರಿ ಡೈರಿ ತೆಗೆದರೆ ಆ ದಿನದ ಪುಟದಲ್ಲಿ ಅವರ ಕೈಬರಹ ಇತ್ತು. ಡಿಪೋದಲ್ಲಿ ಬರೆಯುತ್ತಿದ್ದ ಹಾಗೇ, ಟೈಮ್ ಸಮೇತ. "4.10ರಿಂದ 5.20. ಗಾಡಿ ಓಕೆ. ಎಡಗಡೆ ಕನ್ನಡಿ ಸ್ವಲ್ಪ ಒಳಗ ತಿರುಗಿಸಬೇಕು."

ಬೆಳಿಗ್ಗೆ ಎದ್ದು ಅದನ್ನು ತಿರುಗಿಸಿ ಇಟ್ಟೆ.